ಎಣ್ಣೆ ಚರ್ಮವನ್ನು ಕಾಯುತ್ತದೆ, ಆದರೆ ಸೋಂಕನ್ನು ಗುಣಪಡಿಸುತ್ತದೆಯೇ?

ತಲೆಹೊಟ್ಟಿನೊಂದಿಗೆ ನಂಟಿರುವ ಮಲಸೀಜಿಯ ಎಂಬ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹಳೆಯದೊಂದು ವಿಧಾನವಿದೆ. ಪೋಷಕ ಮಾಧ್ಯಮದ ಮೇಲೆ ಆಲಿವ್ ಎಣ್ಣೆಯ ತೆಳುವಾದ ಪದರವನ್ನು ಹರಡುತ್ತಾರೆ. ಈ ಶಿಲೀಂಧ್ರದ ಪ್ರಭೇದಗಳು ತಮ್ಮ ಬೆಳವಣಿಗೆಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾವೇ ತಯಾರಿಸಿಕೊಳ್ಳಲಾರವು. ಆದ್ದರಿಂದ ಹೊರಗಿನಿಂದ ಸಿಗುವ ಎಣ್ಣೆಯನ್ನು ಒಡೆದು ಅದರಿಂದಲೇ ಬದುಕುತ್ತವೆ. ಅದೇ ಆಲಿವ್ ಎಣ್ಣೆಯನ್ನು ತಲೆಹೊಟ್ಟಿಗೆ ಮನೆಮದ್ದೆಂದು ಹಚ್ಚಿಕೊಳ್ಳುವವರು ಬಹಳ ಮಂದಿ. ಹಚ್ಚಿದ ದಿನ ಹೊಟ್ಟು ನೆನೆದು ತಲೆಗೆ ಅಂಟಿಕೊಂಡು ಕಣ್ಣಿಗೆ ಕಾಣದಂತಾಗುತ್ತದೆ, ಒಣಗಿದ ಚರ್ಮದ ಬಿಗಿತ ಸಡಿಲಗೊಂಡು ತುರಿಕೆಯೂ ತಗ್ಗುತ್ತದೆ, ಮದ್ದು ಫಲಿಸಿತೆಂಬ ಭಾವನೆ ಮೂಡುತ್ತದೆ. ಆದರೆ ಆ ರಾತ್ರಿಯಿಡೀ ತಲೆಯ ಮೇಲೆ ಉಳಿದ ಎಣ್ಣೆ ಶಿಲೀಂಧ್ರಕ್ಕೆ ಆಹಾರವಾಗಿರುತ್ತದೆ. ಹೊಟ್ಟು ಮತ್ತೆ ಕಾಣಿಸಿಕೊಂಡಾಗ ಇನ್ನಷ್ಟು ಎಣ್ಣೆ ಹಚ್ಚಬೇಕೆಂದು ತೋಚುವುದು ಸಹಜವಾದ್ದರಿಂದ ಈ ಸುತ್ತು ತಿಂಗಳುಗಟ್ಟಲೆ ಮುಂದುವರಿಯಬಲ್ಲದು.

ಸಸ್ಯಜನ್ಯ ಎಣ್ಣೆಗಳಿಂದ ಸೋಂಕು ಗುಣವಾಗುತ್ತದೆಯೇ ಎಂದು ಕೇಳುವವರಿಗೆ ಒಂದೇ ಮಾತಿನ ಉತ್ತರ ಕೊಡಲಾಗದು ಎಂಬುದಕ್ಕೆ ಇದನ್ನು ಮೊದಲಿಗೇ ಹೇಳಬೇಕಾಯಿತು. ಯಾವ ಎಣ್ಣೆ, ಎಷ್ಟು ಸಾಂದ್ರತೆಯಲ್ಲಿ, ಯಾವ ಜೀವಿಯ ವಿರುದ್ಧ, ದೇಹದ ಯಾವ ಭಾಗದಲ್ಲಿ, ಎಷ್ಟು ದಿನ ಎಂಬುದು ಗೊತ್ತಾಗದ ಹೊರತು ಆ ಪ್ರಶ್ನೆಗೆ ಅರ್ಥವೇ ಇಲ್ಲ. ಪ್ರತಿಜೀವಕ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸಂಭವಿಸಿದ ಸಾವುಗಳು 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಎಂದು ಅಂದಾಜಿಸಲಾಗಿದೆ. ಇಂಥ ಕಾಲದಲ್ಲಿ ಜನರು ಮಾತ್ರೆ, ಮುಲಾಮುಗಳ ಬದಲು ಗಿಡಮರಗಳ ಎಣ್ಣೆಯತ್ತ ನೋಡುವುದನ್ನು ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ಆಶಯದಲ್ಲಿ ಹುರುಳಿದೆ. ಆದರೆ ಲಭ್ಯವಿರುವ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಎಣ್ಣೆಯ ನಿಜವಾದ ಬಲ ಇರುವುದು ಸೂಕ್ಷ್ಮಾಣುಗಳನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅವು ಒಳನುಗ್ಗದಂತೆ ಚರ್ಮವನ್ನು ಗಟ್ಟಿಯಾಗಿಡುವುದರಲ್ಲಿ ಎಂಬುದು ನನ್ನ ತೀರ್ಮಾನ.

ಎಣ್ಣೆ ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತೇವೆ. ಬೀಜ ಅಥವಾ ಕಾಯಿಯನ್ನು ಹಿಂಡಿ ತೆಗೆಯುವ ಕೊಬ್ಬರಿ, ಸೂರ್ಯಕಾಂತಿ, ಆಲಿವ್, ಹರಳು, ಬೇವು ಮುಂತಾದವು ಕೊಬ್ಬಿನೆಣ್ಣೆಗಳು. ಅವು ಆವಿಯಾಗುವುದಿಲ್ಲ, ಕಾಗದದ ಮೇಲೆ ಬಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಎಲೆ, ಹೂವು, ತೊಗಟೆ, ಸಿಪ್ಪೆಗಳಿಂದ ಬಹುಮಟ್ಟಿಗೆ ಹಬೆಯಲ್ಲಿ ಬಟ್ಟಿಯಿಳಿಸಿ ತೆಗೆಯುವ ಟೀ ಟ್ರೀ, ನೀಲಗಿರಿ, ಲ್ಯಾವೆಂಡರ್, ಲವಂಗದ ಎಣ್ಣೆಗಳು ಸುಗಂಧ ತೈಲಗಳು, ಅಥವಾ ಸಾರತೈಲಗಳು. ಇವುಗಳಲ್ಲಿ ಕೊಬ್ಬೇ ಇರುವುದಿಲ್ಲ. ಇರುವುದು ಟರ್ಪೀನ್‌ಗಳಂಥ ಸಣ್ಣ ಅಣುಗಳು, ಗಾಳಿಗೆ ಬೇಗ ಹಾರಿಹೋಗುವಂಥವು. ಮೊದಲನೆಯದನ್ನು ಅಂಗೈ ತುಂಬ ಸುರಿದುಕೊಂಡರೂ ಸಾಮಾನ್ಯವಾಗಿ ಅಪಾಯವಿಲ್ಲ. ಎರಡನೆಯದು ತುಂಬ ಸಾಂದ್ರವಾದ ರಾಸಾಯನಿಕ ಮಿಶ್ರಣವಾದ್ದರಿಂದ ಅದನ್ನು ಹನಿಗಳ ಲೆಕ್ಕದಲ್ಲೇ ಬಳಸಬೇಕು. ಮನೆಮದ್ದಿನ ಹೆಚ್ಚಿನ ಅನಾಹುತಗಳು ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ.

ಕೊಬ್ಬಿನೆಣ್ಣೆಗಳ ಕೆಲಸ ಅರ್ಥವಾಗಬೇಕಾದರೆ ಚರ್ಮದ ಅತ್ಯಂತ ಹೊರಪದರದ ರಚನೆಯನ್ನು ನೋಡಬೇಕು. ಅಲ್ಲಿ ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳಂತೆ ಜೋಡಣೆಯಾಗಿರುತ್ತವೆ. ಅವುಗಳ ನಡುವೆ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ಗಾರೆ ತುಂಬಿರುತ್ತದೆ. ಈ ಗಾರೆ ಬಿರುಕು ಬಿಟ್ಟರೆ ಒಳಗಿನ ನೀರು ಹೊರಹೋಗಿ ಚರ್ಮ ಒಣಗುತ್ತದೆ, ಹೊರಗಿನ ಬ್ಯಾಕ್ಟೀರಿಯಾಗಳಿಗೂ ಅಲರ್ಜಿಕಾರಕಗಳಿಗೂ ದಾರಿಯಾಗುತ್ತದೆ. ಗಾರೆಯ ಮುಖ್ಯ ಸೆರಮೈಡ್‌ಗಳನ್ನು ಕಟ್ಟಲು ಲಿನೋಲಿಕ್ ಆಮ್ಲ ಬೇಕು, ಮತ್ತು ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಹೇರಳವಾಗಿದೆ. ಆಲಿವ್ ಎಣ್ಣೆಯಲ್ಲಿ ಪ್ರಧಾನವಾಗಿರುವುದು ಓಲಿಯಿಕ್ ಆಮ್ಲ. ಇದು ಗಾರೆಯ ಜೋಡಣೆಯನ್ನು ಸಡಿಲಗೊಳಿಸುವ ಸ್ವಭಾವದ್ದು. ಔಷಧವನ್ನು ಚರ್ಮದ ಮೂಲಕ ಒಳಗೆ ಕಳಿಸಬೇಕಾದ ಲೇಪಗಳಲ್ಲಿ ಇದನ್ನು ಆ ಗುಣಕ್ಕಾಗಿಯೇ ಸೇರಿಸುತ್ತಾರೆ. ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಯಸ್ಕ ಸ್ವಯಂಸೇವಕರು ಕೆಲವು ವಾರ ಆಲಿವ್ ಎಣ್ಣೆ ಹಚ್ಚಿಕೊಂಡಾಗ ಚರ್ಮದ ಹೊರಪದರ ದುರ್ಬಲಗೊಂಡು ನಸುಗೆಂಪಾಯಿತು. ಸೂರ್ಯಕಾಂತಿ ಎಣ್ಣೆ ಹಚ್ಚಿದಲ್ಲಿ ಪದರ ಹಾಳಾಗಲಿಲ್ಲ, ತೇವಾಂಶವೂ ಹೆಚ್ಚಿತು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಡುಗೆಗೆಂದೇ ಬೆಳೆಸುವ ಕೆಲವು ಸೂರ್ಯಕಾಂತಿ ತಳಿಗಳ ಎಣ್ಣೆಯಲ್ಲಿ ಓಲಿಯಿಕ್ ಆಮ್ಲವೇ ಹೆಚ್ಚಿರುತ್ತದೆ. ಆದ್ದರಿಂದ ಬಾಟಲಿಯ ಮೇಲೆ ಸೂರ್ಯಕಾಂತಿ ಎಂದಿರುವುದಷ್ಟೇ ಸಾಲದು.

ಈ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಾಕ್ಷ್ಯ ಢಾಕಾದ ಆಸ್ಪತ್ರೆಯೊಂದರಿಂದ ಬಂದದ್ದು. 33 ವಾರ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಚರ್ಮ ಎಷ್ಟು ತೆಳುವಾಗಿರುತ್ತದೆಂದರೆ, ಅದರ ಮೂಲಕವೇ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಇಳಿಯಬಲ್ಲವು. ಅಂಥ ಶಿಶುಗಳಿಗೆ ದಿನವೂ ಸೂರ್ಯಕಾಂತಿ ಎಣ್ಣೆಯನ್ನು ಮೃದುವಾಗಿ ಲೇಪಿಸಿದಾಗ, ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳು ಎಣ್ಣೆ ಹಚ್ಚದ ಶಿಶುಗಳಿಗಿಂತ ಶೇ. 41ರಷ್ಟು ಕಡಿಮೆಯಾದವು ಎಂದು 2005ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿತು. ಸೂರ್ಯಕಾಂತಿ ಎಣ್ಣೆಗೆ ಸೂಕ್ಷ್ಮಾಣುಗಳನ್ನು ಕೊಲ್ಲುವ ಹೇಳಿಕೊಳ್ಳುವಂಥ ಶಕ್ತಿಯೇನೂ ಇಲ್ಲ. ಅದು ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲದೆ, ಬಾಗಿಲು ಮುಚ್ಚಿದ್ದರಿಂದಲೇ ರೋಗವನ್ನು ತಡೆಯಿತು ಎಂದು ಅರ್ಥಮಾಡಿಕೊಳ್ಳಬೇಕು. ಹಾಗೆಂದು ದಿನ ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿಗೂ ಇದೇ ಫಲ ಸಿಗುತ್ತದೆ ಎನ್ನಲಾಗದು. ಬ್ರಿಟನ್ನಿನಲ್ಲಿ ನವಜಾತ ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಆಲಿವ್ ಮತ್ತು ಸೂರ್ಯಕಾಂತಿ ಎರಡೂ ಎಣ್ಣೆಗಳು ಚರ್ಮದ ತೇವವನ್ನು ಹೆಚ್ಚಿಸಿದರೂ ಕೊಬ್ಬಿನ ಪದರಗಳ ಸಹಜ ಜೋಡಣೆ ರೂಪುಗೊಳ್ಳುವುದನ್ನು ನಿಧಾನಗೊಳಿಸಿದವು. ಬಾಗಿಲು ಮುರಿದಿರುವವರಿಗೆ ಆಸರೆಯಾಗುವ ವಸ್ತು, ಬಾಗಿಲು ಸರಿಯಾಗಿರುವವರಿಗೆ ಅನಗತ್ಯವಾಗಬಹುದು.

ಬಾಗಿಲು ಮುಚ್ಚುವುದು, ಸೂಕ್ಷ್ಮಾಣುಗಳನ್ನು ಕೊಲ್ಲುವುದು ಎಂಬ ಎರಡು ಕೆಲಸಗಳ ನಡುವೆ ಕೊಬ್ಬರಿ ಎಣ್ಣೆ ನಿಲ್ಲುತ್ತದೆ. ಅದರ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದರಿಂದ ಉಂಟಾಗುವ ಮೋನೋಲಾರಿನ್ ಎಂಬ ವಸ್ತು ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಕದಡಬಲ್ಲದು. ಅಟೋಪಿಕ್ ಇಸುಬು, ಅಂದರೆ ಚರ್ಮ ಒಣಗಿ ತುರಿಸುವ ದೀರ್ಘಕಾಲದ ಉರಿಯೂತ, ಇರುವವರ ಚರ್ಮದಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ನೆಲೆಯೂರಿರುವುದು ಸಾಮಾನ್ಯ, ಮತ್ತು ಅದು ಉರಿಯೂತವನ್ನು ಕೆರಳಿಸುತ್ತಲೇ ಇರುತ್ತದೆ. ಫಿಲಿಪೀನ್ಸ್‌ನಲ್ಲಿ 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ ವಯಸ್ಕ ರೋಗಿಗಳ ಪೈಕಿ ವರ್ಜಿನ್ ಕೊಬ್ಬರಿ ಎಣ್ಣೆ ಬಳಸಿದ ಗುಂಪಿನಲ್ಲಿ ಮೊದಲಿಗೆ 20 ಮಂದಿಯ ಚರ್ಮದಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ನಾಲ್ಕು ವಾರಗಳ ಬಳಿಕ ಒಬ್ಬರಲ್ಲಿ ಮಾತ್ರ ಉಳಿಯಿತು. ಆಲಿವ್ ಎಣ್ಣೆಯ ಗುಂಪಿನಲ್ಲಿ 12 ಮಂದಿ ಇದ್ದದ್ದು ಆರಕ್ಕೆ ಇಳಿಯಿತು. ಅಲ್ಲಿಯೇ 117 ಮಕ್ಕಳ ಮೇಲೆ ಎಂಟು ವಾರ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಇಸುಬಿನ ತೀವ್ರತೆಯ ಅಂಕ ಕೊಬ್ಬರಿ ಎಣ್ಣೆಯಿಂದ ಶೇ. 68ರಷ್ಟು, ಖನಿಜ ಎಣ್ಣೆಯಿಂದ ಶೇ. 38ರಷ್ಟು ತಗ್ಗಿತು. ಸಣ್ಣ ಅಧ್ಯಯನಗಳಾದರೂ ಇವು ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ. ಆದರೆ ಎರಡೂ ಕಡೆ ರೋಗಿಗಳಿಗಿದ್ದದ್ದು ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಇಸುಬು. ಕೀವು ಸುರಿಯುವ ಗಾಯವಾಗಲಿ, ಜ್ವರ ತಂದ ಸೋಂಕಾಗಲಿ ಅಲ್ಲ. ಇದೇ ಕೊಬ್ಬರಿ ಎಣ್ಣೆ ಮುಖದ ರಂಧ್ರಗಳನ್ನು ಮುಚ್ಚಿ ಮೊಡವೆಯನ್ನು ಹೆಚ್ಚಿಸಬಹುದೆಂಬ ಎಚ್ಚರಿಕೆಯೂ ಇದೆ. ಅದರ ಆಧಾರ ಬಹುಪಾಲು ಮೊಲದ ಕಿವಿಯ ಮೇಲೆ ನಡೆದ ಹಳೆಯ ಪರೀಕ್ಷೆಗಳು, ಮತ್ತು ಆ ಚರ್ಮ ಮನುಷ್ಯನ ಚರ್ಮಕ್ಕಿಂತ ಬೇಗ ಕೆರಳುವಂಥದ್ದು. ಆದರೂ ಮೊಡವೆ ಏಳುವ ಮುಖಕ್ಕೆ ದಪ್ಪ ಎಣ್ಣೆ ಬೇಡವೆಂಬುದೇ ವಿವೇಕದ ದಾರಿ.

ಇನ್ನು ಸುಗಂಧ ತೈಲಗಳು. ಇವು ಸೂಕ್ಷ್ಮಾಣುಗಳನ್ನು ಕೊಲ್ಲುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ನಡುವೆ ಒಂದು ಹನಿ ಬಿದ್ದರೆ ಸುತ್ತಲೂ ಅವು ಬೆಳೆಯದ ವೃತ್ತ ಮೂಡುತ್ತದೆ. ಟರ್ಪೀನ್ ಅಣುಗಳು ಬ್ಯಾಕ್ಟೀರಿಯಾದ ಪೊರೆಯೊಳಗೆ ಕರಗಿ ಸೇರಿ ಅದನ್ನು ಸೋರುವಂತೆ ಮಾಡುತ್ತವೆ. ಒಳಗಿನ ಪೊಟ್ಯಾಸಿಯಂ ಹೊರಚೆಲ್ಲಿ ಜೀವಕೋಶ ಸಾಯುತ್ತದೆ. ಆದರೆ ತಟ್ಟೆಗೂ ಚರ್ಮಕ್ಕೂ ಅಂತರವಿದೆ. ಪ್ರಯೋಗದಲ್ಲಿ ಎಣ್ಣೆಯನ್ನು ನೀರಿನಲ್ಲಿ ಸಮನಾಗಿ ಬೆರೆಸಲು ಬೇರೊಂದು ವಸ್ತುವನ್ನು ಹಾಕಿರುತ್ತಾರೆ, ಬ್ಯಾಕ್ಟೀರಿಯಾ ಅದರಲ್ಲಿ ಗಂಟೆಗಟ್ಟಲೆ ಮುಳುಗಿರುತ್ತದೆ. ಚರ್ಮದ ಮೇಲೆ ಎಣ್ಣೆಯ ಬಹುಭಾಗ ಸ್ವಲ್ಪ ಹೊತ್ತಿನಲ್ಲೇ ಆವಿಯಾಗುತ್ತದೆ, ಉಳಿದದ್ದು ಕೀವಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ. ಚರ್ಮದ ಆಳಕ್ಕೆ ಇಳಿದಿರುವ ಸೋಂಕಿನ ಬಳಿಗಂತೂ ಸಾಕಷ್ಟು ಪ್ರಮಾಣದಲ್ಲಿ ತಲುಪುವುದೇ ಇಲ್ಲ. ಜೊತೆಗೆ, ಬ್ಯಾಕ್ಟೀರಿಯಾದ ಪೊರೆಯನ್ನು ಕದಡುವ ಅಣು ನಮ್ಮ ಜೀವಕೋಶಗಳ ಪೊರೆಯನ್ನೂ ಕದಡಬಲ್ಲದು. ಸಾಂದ್ರತೆ ಏರಿಸಿದಷ್ಟೂ ಸೂಕ್ಷ್ಮಾಣುವಿನೊಂದಿಗೆ ಚರ್ಮವೂ ಬೇಯುತ್ತದೆ.

ಚರ್ಮದ ಮೇಲೆ ಹೆಚ್ಚು ಪರೀಕ್ಷೆಗೊಳಗಾಗಿರುವುದು ಟೀ ಟ್ರೀ ಎಣ್ಣೆ. ಪೂರ್ವ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಬಂಡ್ಜಲಂಗ್ ಜನರು ಗಾಯ ಮತ್ತು ಚರ್ಮದ ತೊಂದರೆಗಳಿಗೆ ಆ ಮರದ ಎಲೆಗಳನ್ನು ಬಳಸುತ್ತಿದ್ದರು. ಎಲೆಗಳಿಂದ ಬಟ್ಟಿಯಿಳಿಸಿದ ಎಣ್ಣೆಯ ವೈಜ್ಞಾನಿಕ ಅಧ್ಯಯನ ಆರಂಭವಾದದ್ದು 1920ರ ದಶಕದಲ್ಲಿ. ಅದಕ್ಕೀಗ ಅಂತರರಾಷ್ಟ್ರೀಯ ಮಾನಕವೊಂದಿದೆ, ಐಎಸ್‌ಒ 4730. ಅದರ 2017ರ ಆವೃತ್ತಿಯ ಪ್ರಕಾರ ಮುಖ್ಯ ಸಕ್ರಿಯ ವಸ್ತುವಾದ ಟರ್ಪಿನೆನ್-4-ಆಲ್ ಕನಿಷ್ಠ ಶೇ. 35ರಷ್ಟಿರಬೇಕು. ಆಸ್ಟ್ರೇಲಿಯಾದಲ್ಲಿ 124 ಮೊಡವೆ ರೋಗಿಗಳ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶೇ. 5ರ ಟೀ ಟ್ರೀ ಜೆಲ್ ಮೊಡವೆಗಳನ್ನು ಕಡಿಮೆ ಮಾಡಿತು, ಮೊಡವೆಗೆ ವಾಡಿಕೆಯಲ್ಲಿ ಬಳಸುವ ಔಷಧವಾದ ಶೇ. 5ರ ಬೆಂಜಾಯಿಲ್ ಪೆರಾಕ್ಸೈಡ್‌ಗಿಂತ ನಿಧಾನವಾಗಿ, ಆದರೆ ಕಡಿಮೆ ಉರಿಯೊಂದಿಗೆ. ಕಾಲ್ಬೆರಳ ಸಂದಿಯ ಶಿಲೀಂಧ್ರ ಸೋಂಕಿನ ಕುರಿತು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶೇ. 50ರ ದ್ರಾವಣ ಹಚ್ಚಿದವರಲ್ಲಿ ಶೇ. 64 ಮಂದಿಯ ಶಿಲೀಂಧ್ರ ಮಾಯವಾಯಿತು, ಔಷಧವಿಲ್ಲದ ದ್ರವ ಹಚ್ಚಿದವರಲ್ಲಿ ಶೇ. 31 ಮಂದಿಯದು. ಗಮನಿಸಬೇಕಾದದ್ದೇನೆಂದರೆ, ಎಣ್ಣೆ ಹಚ್ಚಿಕೊಂಡವರ ಪೈಕಿ ನಾಲ್ವರಿಗೆ ಚರ್ಮ ಕೆಂಪಾಗಿ ಊದಿಕೊಂಡಿತು. ಉಗುರಿಗೆ ಹತ್ತಿದ ಶಿಲೀಂಧ್ರದ ವಿಷಯದಲ್ಲಿ 1994ರ ಪರೀಕ್ಷೆಯೊಂದು ಶುದ್ಧ ಟೀ ಟ್ರೀ ಎಣ್ಣೆಯನ್ನೂ ಶಿಲೀಂಧ್ರನಾಶಕ ಔಷಧವಾದ ಶೇ. 1ರ ಕ್ಲೋಟ್ರಿಮಜೋಲ್ ದ್ರಾವಣವನ್ನೂ ಆರು ತಿಂಗಳು ಹೋಲಿಸಿತು. ಶಿಲೀಂಧ್ರ ಪೂರ್ತಿ ಹೋದದ್ದು ಎಣ್ಣೆಯಿಂದ ಶೇ. 18 ಮಂದಿಗೆ, ಔಷಧದಿಂದ ಶೇ. 11 ಮಂದಿಗೆ. ಎಣ್ಣೆಯೂ ಔಷಧಕ್ಕೆ ಸಮವೆಂದು ಈ ಅಂಕಿಯನ್ನು ಉದ್ಧರಿಸುವವರಿದ್ದಾರೆ. ಉಗುರಿನ ಮೇಲೆ ಹಚ್ಚಿದ್ದರಿಂದ ಎರಡೂ ಬಹುತೇಕ ಸೋತವು ಎಂದು ಓದುವುದು ಪ್ರಾಮಾಣಿಕವಾದ ಓದು.

ಪ್ರತಿಜೀವಕಗಳಿಗೆ ಬಗ್ಗದ ಸ್ಟೆಫೈಲೊಕಾಕಸ್‌ನ ವಿರುದ್ಧ ಟೀ ಟ್ರೀ ಎಣ್ಣೆಯ ಮೇಲೆ ಇಟ್ಟ ಭರವಸೆಯೂ ಹೀಗೆಯೇ ಅರ್ಧ ಈಡೇರಿತು. ಬ್ರಿಟನ್ನಿನಲ್ಲಿ 224 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚರ್ಮದ ಮೇಲೆ ನೆಲೆಸಿದ ಬ್ಯಾಕ್ಟೀರಿಯಾವನ್ನು ತೊಲಗಿಸುವಲ್ಲಿ ಟೀ ಟ್ರೀ ಲೇಪಗಳು ವಾಡಿಕೆಯ ಚಿಕಿತ್ಸೆಗೆ ಸಾಟಿಯಾಗಿದ್ದವು. ಆದರೆ ಮೂಗಿನೊಳಗಿನ ಬ್ಯಾಕ್ಟೀರಿಯಾ ಮುಪಿರೊಸಿನ್ ಎಂಬ ಪ್ರತಿಜೀವಕದ ಮುಲಾಮಿನಿಂದ ಶೇ. 78 ಮಂದಿಯಲ್ಲಿ ಹೋದರೆ ಟೀ ಟ್ರೀ ಮುಲಾಮಿನಿಂದ ಹೋದದ್ದು ಶೇ. 47 ಮಂದಿಯಲ್ಲಿ. ಅಲ್ಲದೆ ಇದು ಬ್ಯಾಕ್ಟೀರಿಯಾ ಸುಮ್ಮನೆ ನೆಲೆಸಿದ್ದವರ ಮಾತು, ಅದರಿಂದ ರೋಗ ಬಿದ್ದವರ ಮಾತಲ್ಲ.

ಮಾರುಕಟ್ಟೆಯ ವರ್ಣನೆಗಳಲ್ಲಿ ನೈಸರ್ಗಿಕ ಎಂಬ ಪದ ನಿರಪಾಯ ಎಂಬ ಅರ್ಥವನ್ನು ಹೊತ್ತು ಬರುತ್ತದೆ. ಹಾನಿಯ ಲೆಕ್ಕವನ್ನು ಅದೇ ಶ್ರದ್ಧೆಯಿಂದ ಮಾಡಬೇಕಾಗಿರುವುದು ಇದಕ್ಕಾಗಿಯೇ. ಸುಗಂಧ ತೈಲಗಳು ಗಾಳಿ ಮತ್ತು ಬೆಳಕಿಗೆ ತೆರೆದುಕೊಂಡರೆ ಕೆಡುತ್ತವೆ. ಲಿನಲೂಲ್, ಲಿಮೊನೀನ್‌ನಂಥ ಘಟಕಗಳು ಆಮ್ಲಜನಕದೊಂದಿಗೆ ಕೂಡಿ ಪೆರಾಕ್ಸೈಡ್‌ಗಳಾಗುತ್ತವೆ, ಮತ್ತು ಚರ್ಮದ ಅಲರ್ಜಿಯನ್ನು ಹುಟ್ಟಿಸುವುದು ಬಹುಮಟ್ಟಿಗೆ ಹೀಗೆ ಕೆಟ್ಟ ಎಣ್ಣೆಯೇ. ಮೊದಲ ತಿಂಗಳು ಒಗ್ಗಿದ ಬಾಟಲಿ ವರ್ಷದ ಬಳಿಕ ಒಗ್ಗದಿರುವುದಕ್ಕೆ ಇದೊಂದು ಕಾರಣ. ಒಮ್ಮೆ ಅಲರ್ಜಿ ಹುಟ್ಟಿತೆಂದರೆ ಸಾಮಾನ್ಯವಾಗಿ ಅದು ಜೀವನಪರ್ಯಂತ ಉಳಿಯುತ್ತದೆ. ಅದೇ ಘಟಕವಿರುವ ಸೋಪು, ಶಾಂಪೂಗಳನ್ನೂ ದೂರವಿಡಬೇಕಾಗುತ್ತದೆ. ಬರ್ಗಮಾಟ್, ನಿಂಬೆಯಂಥ ಸಿಪ್ಪೆಗಳನ್ನು ಹಿಂಡಿ ತೆಗೆದ ತೈಲಗಳಲ್ಲಿ ಸೊರಾಲೆನ್ ಜಾತಿಯ ಅಣುಗಳಿರುತ್ತವೆ. ಅವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಬೊಬ್ಬೆಯೆದ್ದು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬಿರಿದ ಚರ್ಮದ ಮೂಲಕ ಆಹಾರದ ಅಲರ್ಜಿಯೂ ಹುಟ್ಟಬಹುದೆಂಬ ಸುಳಿವು 2003ರ ಬ್ರಿಟಿಷ್ ಅಧ್ಯಯನವೊಂದರಿಂದ ಸಿಕ್ಕಿತು: ಕಡಲೆಕಾಯಿ ಎಣ್ಣೆಯಿರುವ ಲೇಪಗಳನ್ನು ಶೈಶವದಲ್ಲಿ ಬಳಸಿದ್ದಕ್ಕೂ ಮುಂದೆ ಕಡಲೆಕಾಯಿಯ ಅಲರ್ಜಿ ಬಂದದ್ದಕ್ಕೂ ಅದರಲ್ಲಿ ಸಂಬಂಧ ಕಂಡುಬಂದಿತು.

ಹೊಟ್ಟೆಗೆ ಹೋದರೆ ಪರಿಸ್ಥಿತಿ ಇನ್ನೂ ಗಂಭೀರ, ಅದರಲ್ಲೂ ಮಕ್ಕಳ ವಿಷಯದಲ್ಲಿ. ನೀಲಗಿರಿ ಎಣ್ಣೆಯ ಕೆಲವೇ ಮಿಲಿಲೀಟರು ಚಿಕ್ಕ ಮಗುವಿಗೆ ಮಂಪರು, ಸೆಳವು ತರಬಲ್ಲದು. ಕರ್ಪೂರವೂ ಹಾಗೆಯೇ; ಅಮೆರಿಕದಲ್ಲಿ ಕರ್ಪೂರದ ಎಣ್ಣೆಯ ಮಾರಾಟವನ್ನು 1980ರ ದಶಕದ ಆರಂಭದಲ್ಲಿ ನಿಷೇಧಿಸಿ, ಹಚ್ಚುವ ಔಷಧಗಳಲ್ಲಿ ಅದು ಶೇ. 11ನ್ನು ಮೀರಬಾರದೆಂದು ಮಿತಿ ಹಾಕಿದರು. ನೋವಿಗೆ ತಿಕ್ಕುವ ವಿಂಟರ್‌ಗ್ರೀನ್ ಎಣ್ಣೆಯ ಒಂದೇ ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. ಕೊಬ್ಬಿನೆಣ್ಣೆಗಳ ಗುಂಪಿಗೆ ಸೇರಿದ ಬೇವಿನ ಎಣ್ಣೆಯೂ ಇಲ್ಲಿ ಹೊರತಲ್ಲ. ಅದನ್ನು ಕುಡಿಸಿದ ಶಿಶುಗಳಲ್ಲಿ ವಾಂತಿ, ಮಂಪರು, ಮಿದುಳಿನ ತೊಂದರೆ ಕಾಣಿಸಿಕೊಂಡದ್ದನ್ನು ಮಲೇಷ್ಯಾದ ವೈದ್ಯರು 1981ರಲ್ಲಿ ವರದಿ ಮಾಡಿದ್ದರು.

ನಿಯಂತ್ರಣದ ನಿಲುವುಗಳೂ ಈಗ ಬಿಗಿಯಾಗುತ್ತಿವೆ. ಸೌಂದರ್ಯವರ್ಧಕಗಳ ಚೀಟಿಯಲ್ಲಿ ಬಿಡಿಯಾಗಿ ಹೆಸರಿಸಬೇಕಾದ ಸುಗಂಧ ಅಲರ್ಜಿಕಾರಕಗಳ ಪಟ್ಟಿಯನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಇಪ್ಪತ್ತರ ಹಂತದಿಂದ ಎಂಬತ್ತಕ್ಕೂ ಮೇಲಕ್ಕೆ ವಿಸ್ತರಿಸಿತು. ಅದೇ ವರ್ಷ ಅಲ್ಲಿನ ರಾಸಾಯನಿಕ ಸಂಸ್ಥೆಯ ಅಪಾಯ ಮೌಲ್ಯಮಾಪನ ಸಮಿತಿಯು ಟೀ ಟ್ರೀ ಎಣ್ಣೆಯನ್ನು ಸಂತಾನೋತ್ಪತ್ತಿಗೆ ಹಾನಿಕರ ವಸ್ತುಗಳ ವರ್ಗಕ್ಕೆ ಸೇರಿಸಬೇಕೆಂದು ಅಭಿಪ್ರಾಯಪಟ್ಟಿತು. ಪ್ರಾಣಿಗಳಿಗೆ ಬಾಯಿಯ ಮೂಲಕ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನಡೆಸಿದ ಪ್ರಯೋಗಗಳು ಅದಕ್ಕೆ ಆಧಾರ. ಮೊಡವೆಯ ಮೇಲೆ ಒಂದು ಹನಿ ಜೆಲ್ ಹಚ್ಚಿಕೊಳ್ಳುವವರು ಅದರಿಂದ ಬೆದರಬೇಕಾಗಿಲ್ಲ. ಗರ್ಭಿಣಿಯರೂ ಚಿಕ್ಕಮಕ್ಕಳೂ ಇರುವ ಮನೆಗಳಲ್ಲಿ ಧಾರಾಳ ಬಳಕೆ ಬೇಡವೆಂಬಷ್ಟು ಎಚ್ಚರ ಮಾತ್ರ ಅಗತ್ಯ.

ಇಷ್ಟೆಲ್ಲ ಹೇಳಿದ ಮೇಲೂ ಎಣ್ಣೆಗಳಿಂದ ಆಗುವ ದೊಡ್ಡ ನಷ್ಟ ವಿಷದಿಂದಲ್ಲ, ಕೈತಪ್ಪಿದ ಸಮಯದಿಂದ ಎಂದು ನಾನು ನಂಬುತ್ತೇನೆ. ಕೆಂಪು ಅಂಚು ಗಂಟೆಗಂಟೆಗೂ ಹರಡುತ್ತಿದ್ದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಏರುತ್ತಿದ್ದರೆ, ಜ್ವರ ಅಥವಾ ನಡುಕ ಬಂದರೆ, ನೋಡುವುದಕ್ಕೆ ಸಣ್ಣದಾಗಿದ್ದರೂ ನೋವು ವಿಪರೀತವಾಗಿದ್ದರೆ ಅದು ಚರ್ಮದ ಆಳದ ಸೋಂಕು. ಮೇಲೆ ಹಚ್ಚಿದ ಯಾವ ಎಣ್ಣೆಯೂ ಅಲ್ಲಿಗೆ ಇಳಿಯದು. ಮಧುಮೇಹ ಇರುವವರ ಪಾದದ ಹುಣ್ಣು, ಕಣ್ಣಿನ ಸೋಂಕು, ಇಸುಬಿನ ಮೇಲೆ ಒಮ್ಮೆಗೇ ಎದ್ದ ನೀರ್ಗುಳ್ಳೆಗಳು ಕೂಡ ಮನೆಮದ್ದಿಗೆ ಕಾಯುವಂಥವಲ್ಲ. ಕಿವಿಯ ಗುಗ್ಗೆಯನ್ನು ಮೆದುಮಾಡಲು ಆಲಿವ್ ಎಣ್ಣೆ ಒಪ್ಪಿತ ವಿಧಾನವೇ ಆದರೂ, ಕಿವಿ ಸೋರುತ್ತಿದ್ದರೆ ತಮಟೆ ತೂತಾಗಿರುವ ಸಾಧ್ಯತೆ ಇರುವುದರಿಂದ ಏನನ್ನೂ ಹಾಕಬಾರದು. ಹೊಸ ಸುಟ್ಟಗಾಯಕ್ಕೆ ಎಣ್ಣೆ ಸವರಿದರೆ ಶಾಖ ಒಳಗೇ ಉಳಿದು ಗಾಯ ಆಳವಾಗುತ್ತದೆ. ಅಲ್ಲಿ ಬೇಕಾದದ್ದು ಹರಿಯುವ ತಣ್ಣೀರು, 20 ನಿಮಿಷ.

ಇವುಗಳ ಹೊರಗೆ, ಒಣಚರ್ಮ, ಸೌಮ್ಯ ಇಸುಬು, ಬಿಡಿಬಿಡಿ ಮೊಡವೆ, ಬೆರಳ ಸಂದಿಯ ಆರಂಭದ ತುರಿಕೆ ಇಂಥವುಗಳಿಗೆ ಎಣ್ಣೆಯನ್ನು ಪ್ರಯತ್ನಿಸುವುದರಲ್ಲಿ ತಪ್ಪಿಲ್ಲ. ಕೊಬ್ಬಿನೆಣ್ಣೆಯನ್ನು ಸ್ನಾನವಾದ ಕೂಡಲೇ ಚರ್ಮ ಇನ್ನೂ ತೇವವಾಗಿರುವಾಗ ತೆಳ್ಳಗೆ ಹಚ್ಚಿದರೆ ಆ ನೀರನ್ನು ಅದು ಹಿಡಿದಿಡುತ್ತದೆ. ಸುಗಂಧ ತೈಲವನ್ನು ಎಂದೂ ನೇರವಾಗಿ ಹಚ್ಚಬಾರದು. ಶೇ. 5 ಎಂದರೆ 10 ಮಿಲಿಲೀಟರು ಕೊಬ್ಬಿನೆಣ್ಣೆಗೆ ಸುಮಾರು ಹತ್ತು ಹನಿ, ಅದಕ್ಕಿಂತ ಹೆಚ್ಚು ಬೇಡ. ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಕೆಲವು ದಿನ ಸ್ವಲ್ಪ ಹಚ್ಚಿ ನೋಡಬೇಕು. ಅಲರ್ಜಿಯ ಪ್ರತಿಕ್ರಿಯೆ ತಲೆದೋರಲು ಎರಡು ಮೂರು ದಿನವೂ ಹಿಡಿಯಬಹುದು. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದು, ಬೆಳಕು ತಾಗದಂತೆ, ಮಕ್ಕಳ ಕೈಗೆಟುಕದಂತೆ ಇಡಬೇಕು. ವಾಸನೆ ಬದಲಾಗಿ ಕಟುವಾದರೆ ಎಸೆದುಬಿಡಬೇಕು. ಎರಡು ವಾರವಾದರೂ ತೊಂದರೆ ತಗ್ಗದಿದ್ದರೆ ಎಣ್ಣೆ ಬದಲಿಸಿ ಮತ್ತೆ ಎರಡು ವಾರ ಕಳೆಯುವುದಕ್ಕಿಂತ ವೈದ್ಯರಿಗೆ ತೋರಿಸುವುದು ಲೇಸು. ಹೋಗುವಾಗ ಆ ಬಾಟಲಿಯನ್ನೂ ಜೊತೆಗೆ ಒಯ್ಯಬೇಕು. ವಾರಗಟ್ಟಲೆ ಎಣ್ಣೆ ಹಚ್ಚಿದ ಹುಳುಕಡ್ಡಿಯ ಅಂಚು ಮಸುಕಾಗಿ ಇಸುಬಿನಂತೆ ಕಾಣಬಹುದು, ಎಣ್ಣೆಯ ಅಲರ್ಜಿಯಿಂದ ಎದ್ದ ಗುಳ್ಳೆಗಳು ಹೊಸ ಸೋಂಕಿನಂತೆ ಕಾಣಬಹುದು. ಏನನ್ನು, ಎಷ್ಟು ದಿನ, ಎಷ್ಟು ಹಚ್ಚಿದಿರೆಂದು ವೈದ್ಯರಿಗೆ ತಿಳಿದಾಗಲೇ ಅವೆರಡನ್ನೂ ಬೇರ್ಪಡಿಸಿ ನೋಡಲು ಸಾಧ್ಯ.